ಆರೇ ಇಂಟರ್‌ಸೆಪ್ಷನ್ ಅನ್ನೋದು ಪೂರ್ತಿ ಕಥೆಯಲ್ಲ

ಅಮೆರಿಕನ್ ಫುಟ್‌ಬಾಲ್‌ನ ಚಿಕಾಗೊ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಕೇಲೆಬ್ ವಿಲಿಯಮ್ಸ್ 2024ರಲ್ಲಿ ಬರೀ 6 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈಸೇರುವುದು) ಕೊಟ್ಟರು, ಹಾಗಾಗಿ ಅವರ ನಿರ್ಧಾರಗಳು ಪಕ್ವವಾಗಿವೆ ಎಂದು ಅವರ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಸೀಸನ್‌ನಲ್ಲಿ ಅವರು 68 ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಗಳ ಕೈಗೆ ಸಿಕ್ಕಿಬಿದ್ದರು. ಚೆಂಡನ್ನು ಎಸೆಯದೇ ಇಟ್ಟುಕೊಂಡರೆ ಇಂಟರ್‌ಸೆಪ್ಷನ್ ಕಮ್ಮಿ ಆಗಲೇಬೇಕು, ಅಲ್ವಾ? ಬೇರ್ಸ್ ತಂಡದ ಆಫೆನ್ಸಿವ್ ಲೈನ್ (ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಕೊಡುವ ಸಾಲು) ದುರ್ಬಲವಾಗಿತ್ತು, ನಿಜ. ಆದರೆ ಮೊದಲ ರಿಸೀವರ್ (ಚೆಂಡು ಹಿಡಿಯುವ ಆಟಗಾರ) ಸಿಗದಿದ್ದಾಗ ಎರಡನೆಯವನ ಕಡೆ ಕಣ್ಣು ಹಾಯಿಸುವುದು ಬಿಟ್ಟು, ಹಿಂದೆ ಹಿಂದೆ ಓಡಿ ಸಿಕ್ಕಿಬಿದ್ದದ್ದೂ ಜಾಸ್ತಿಯೇ ಇದೆ.

ಇದಕ್ಕೆ ಹೋಲಿಸಿ ನೋಡಿ: ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 1998ರಲ್ಲಿ, ತಮ್ಮ ಮೊದಲ ವರ್ಷ, 28 ಇಂಟರ್‌ಸೆಪ್ಷನ್ ಎಸೆದರು. ತಂಡ ಗೆದ್ದದ್ದು 3 ಪಂದ್ಯ ಮಾತ್ರ. ಮರುವರ್ಷ ಅದೇ ಕೋಲ್ಟ್ಸ್ 13 ಗೆದ್ದಿತು. ತಪ್ಪಾದರೂ ಸರಿ, ಸಮಯಕ್ಕೆ ಸರಿಯಾಗಿ ಚೆಂಡು ಬಿಡುವ ಧೈರ್ಯ ಅವರಲ್ಲಿ ಆಗಲೇ ಇತ್ತು.

ಇನ್ನೊಂದು ವಿಷಯವನ್ನು ಲೇಖನ ಸುಮ್ನೆ ಬಿಟ್ಟುಬಿಟ್ಟಿದೆ. ವಿಲಿಯಮ್ಸ್ ಅವರ ಆಫೆನ್ಸಿವ್ ಕೋಆರ್ಡಿನೇಟರ್‌ನನ್ನೂ (ದಾಳಿಯ ಆಟ ರೂಪಿಸುವ ಕೋಚ್) ಮುಖ್ಯ ಕೋಚ್‌ನನ್ನೂ ಒಂದೇ ನವೆಂಬರ್‌ನಲ್ಲಿ ಕೆಲಸದಿಂದ ತೆಗೆದರು. ಡೆಟ್ರಾಯಿಟ್ ವಿರುದ್ಧದ ಥ್ಯಾಂಕ್ಸ್‌ಗಿವಿಂಗ್ ಪಂದ್ಯ ನೆನಪಿದೆಯಾ? ಬೇರ್ಸ್ 23-20ರಲ್ಲಿ ಸೋತಾಗ ಒಂದು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ಅವಕಾಶ) ಬಳಸದೆ ಕೈಯಲ್ಲೇ ಉಳಿದಿತ್ತು. ಇಂಥ ಗೊಂದಲದ ನಡುವೆ ಆಡಿದ ಹುಡುಗನನ್ನು ಅಳೆಯಲು ನಾನಾದರೆ ಥರ್ಡ್ ಡೌನ್ (ಚೆಂಡು ಮುಂದೊಯ್ಯುವ ಮೂರನೇ ಪ್ರಯತ್ನ) ಆಟಗಳನ್ನು ಒಂದೊಂದಾಗಿ ನೋಡುತ್ತೇನೆ. ಪಾಕೆಟ್ (ಲೈನ್ ಅವನ ಸುತ್ತ ಕಟ್ಟುವ ರಕ್ಷಣೆ) ಕುಸಿಯುವಾಗ ಅವನ ಕಣ್ಣು ಮೈದಾನದ ಮುಂದಿದೆಯೋ, ಮೈಮೇಲೆ ಬರುವವನ ಮೇಲಿದೆಯೋ ಎನ್ನುವುದು ಅಲ್ಲಿ ಕಾಣುತ್ತದೆ.