ಭಾಗವತರ ಖಾಲಿ ಜಾಗ

ಕಳೆದ ಶನಿವಾರ ಮುಂಬಯಿಯ ಮಾಟುಂಗಾದಲ್ಲೊಂದು ಹಾಸ್ಯಸಂಜೆ. ಹುಡುಗ ಹೊಸಬ. “ಡೊಂಬಿವಲಿಯಲ್ಲಿ ನಾನು ರೈಲಿನಿಂದ ಇಳಿಯಲಿಲ್ಲ, ಇಳಿಸಿದರು” ಎಂದ. ಎರಡನೆಯ ಸಾಲಿನಿಂದ ನನ್ನ ಸೋದರಮಾವ ಕೂಗಿದರು: “ಇರು, ಅಲ್ಲಿಂದಲೂ ಇಳಿಸುತ್ತೇವೆ!” ಹುಡುಗನಿಗೆ ಸಿಕ್ಕಿದ್ದಕ್ಕಿಂತ ದೊಡ್ಡ ನಗು ಮಾವನಿಗೆ ಸಿಕ್ಕಿತು.

ಹೀಗೆ ಕೂಗುವವರಿಗೆ ಹಾಸ್ಯಗಾರನನ್ನು ಕಂಡರೆ ಆಗುವುದಿಲ್ಲ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಹಿಡಿಸದವನು ಮೊಬೈಲ್ ತೆಗೆಯುತ್ತಾನೆ, ಇಲ್ಲವೇ ವಡೆ ತಿನ್ನಲು ಎದ್ದು ಹೋಗುತ್ತಾನೆ. ‘ಇಳಿಸಿದರು’ ಎಂಬ ಒಂದು ಮಾತನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದು ತಿರುಗಿ ಎಸೆಯಬೇಕಾದರೆ ಕಿವಿ ಎಷ್ಟು ನೆಟ್ಟಿರಬೇಕು! ಈ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಇಲ್ಲಿನ ಕನ್ನಡ ಪ್ರೇಕ್ಷಕರು ತಲೆಮಾರುಗಳಿಂದ ಪಳಗಿದವರು, ಸುಮ್ಮನೆ ಕುಳಿತು ಸಹಿಸಿಕೊಳ್ಳುವ ಪೈಕಿಯಲ್ಲ.

ಮಾವ ಊರಿನಲ್ಲಿ ಯಕ್ಷಗಾನ ನೋಡಿ ಬೆಳೆದು, ಆಮೇಲೆ ನಲವತ್ತು ವರ್ಷ ಇಲ್ಲಿನ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು. ಯಕ್ಷಗಾನದಲ್ಲಿ ಹಾಸ್ಯಗಾರ ರಂಗಕ್ಕೆ ಬಂದರೆ ಭಾಗವತರೇ ಪ್ರಶ್ನೆ ಕೇಳಿ ಕೆಣಕುತ್ತಾರೆ. ಕೆಣಕಿದಷ್ಟೂ ಹಾಸ್ಯ ಕಳೆಗಟ್ಟುತ್ತದೆ. ಮೈಕಿನ ಮುಂದೆ ಒಬ್ಬನೇ ನಿಂತವನನ್ನು ನೋಡಿದಾಗ ಮಾವನಿಗೆ ಭಾಗವತರ ಜಾಗ ಖಾಲಿ ಬಿದ್ದಂತೆ ಕಾಣುತ್ತದೆಯೋ ಏನೋ.

1976ರಲ್ಲಿ ಶುರುವಾದ ಬೊಂಬೆಗಳ ಟಿವಿ ಕಾರ್ಯಕ್ರಮ ‘ದಿ ಮಪೆಟ್ ಷೋ’ ನೋಡಿದವರಿಗೆ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ನೆನಪಿರಬಹುದು. ಬಾಲ್ಕನಿಯಲ್ಲಿ ಕುಳಿತ ಮುದುಕರು, ಬೊಂಬೆಗಳೇ. ಫಾಜಿ ಎಂಬ ಕರಡಿಯ ಜೋಕುಗಳನ್ನು ಹೀನಾಯವಾಗಿ ಹಳಿಯುತ್ತಾರೆ. ಮುಂದಿನ ಕಂತಿಗೆ ಮತ್ತೆ ಅದೇ ಕುರ್ಚಿಯಲ್ಲಿ ಹಾಜರು. ಅಲ್ಲಿ ಅವರನ್ನು ಕಟ್ಟಿಹಾಕಿದವರು ಯಾರು?

ಕುಡಿದು ಬಂದು ಕಲಾವಿದನ ತಾಯಿತಂದೆಯನ್ನು ಎಳೆಯುವವನ ಸಂಗತಿ ಬೇರೆ. ಅವನಿಗೆ ಕೇಳಿಸುವುದು ತನ್ನ ಗಂಟಲೊಂದೇ. ಕತ್ತು ಹಿಡಿದು ಹೊರಗೆ ಹಾಕಬೇಕು. ಮಾವನನ್ನೂ ನಾನು ಪೂರ್ತಿ ಸಮರ್ಥಿಸಲಾರೆ. ಆ ಕೂಗಿನ ನಂತರ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹುಡುಗನಿಗೆ ಎರಡು ಸಲ ಆಗಲಿಲ್ಲ. ಒಳಗೊಳಗೆ ಮೆಚ್ಚಿಕೊಂಡರೆ ಅದು ಅವನಿಗೆ ಗೊತ್ತಾಗುವುದು ಹೇಗೆ?

ಹಿಂದಿರುಗುವಾಗ ಸ್ಲೋ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕುರ್ಲಾ ದಾಟಿದ ಮೇಲೆ ಮಾವ ಅತ್ತೆಗೆ ಫೋನ್ ಮಾಡಿದರು. “ಏನೂ ಸ್ವಾರಸ್ಯವಿಲ್ಲ, ಎಳೆಯ ಹುಡುಗ” ಎಂದರು. ಆಮೇಲೆ ಡೊಂಬಿವಲಿಯ ಜೋಕನ್ನು ಮೊದಲಿನಿಂದ ಹೇಳತೊಡಗಿದರು. ‘ಇಳಿಸಿದರು’ ಎನ್ನುವ ಮುಂಚೆ ಆ ಹುಡುಗನಿಗಿಂತ ತುಸು ಹೆಚ್ಚೇ ತಡೆದರು. ಅತ್ತೆ ನಕ್ಕದ್ದು ನನಗೂ ಕೇಳಿಸಿತು. ತಮ್ಮ ಕೂಗಿನ ಸುದ್ದಿಯನ್ನು ಮಾತ್ರ ಎತ್ತಲಿಲ್ಲ.