777 ಹಾಕಿ ಅಂದವರೇ ಬೈದರೆ ಯಾರನ್ನ ಕೇಳೋದು?

"ಇಷ್ಟು ಬೇಸಿಕ್ಸ್ ಕೂಡ ಗೊತ್ತಿಲ್ವಾ ನಿಮಗೆ?" ಅಂತೆ. ನನಗೆ! ಕಾಲ್‌ನಲ್ಲಿ ಕ್ಲೈಂಟ್ ಇದ್ದಾರೆ, ಮ್ಯಾನೇಜರ್ ಇದ್ದಾರೆ, ಮೊನ್ನೆ ಮೊನ್ನೆ ಸೇರಿದ ಟ್ರೈನಿ ಹುಡುಗಿ ಕೂಡ ಇದ್ದಾಳೆ. ಸ್ಕ್ರೀನ್ ಶೇರ್ ಆಗಿರೋದು ನನ್ನದು. ಆ 777, ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು ಅನ್ನೋ ಪರ್ಮಿಷನ್, ಹಾಕಿ ಅಂದಿದ್ದು ಯಾರು ಸ್ವಾಮಿ? ನಾನಾ?

ಕೆಲಸ ಏನೂ ದೊಡ್ಡದಲ್ಲ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನ ಮೈನರ್ ಅಪ್‌ಗ್ರೇಡ್. ನಮ್ಮಲ್ಲಿ ಸೋರ್ಸ್‌ನಿಂದಲೇ ಕಂಪೈಲ್ ಮಾಡಬೇಕು, ಯಾಕೆ ಅಂತ ಮಾತ್ರ ಕೇಳಬೇಡಿ. ಹಳೇ ಪ್ರೋಗ್ರಾಂಗಳಿರೋ ಬಿನ್, ಲಿಬ್ ಫೋಲ್ಡರ್‌ಗಳನ್ನ ಪಕ್ಕಕ್ಕಿಟ್ಟೆ. ಡೇಟಾ ಮುಟ್ಟಲಿಲ್ಲ. ಕಂಪೈಲ್ ಮಾಡೋ ಮೇಕ್ ಕಮಾಂಡ್ ನನ್ನ ಲಾಗಿನ್‌ನಲ್ಲಿ, ಇನ್‌ಸ್ಟಾಲ್ ಮಾತ್ರ ಸುಡೊದಲ್ಲಿ, ಅಂದರೆ ಪೂರ್ಣಾಧಿಕಾರದ ರೂಟ್ ಯೂಸರ್ ಆಗಿ. ಎಲ್ಲ ಸಲೀಸಾಗಿ ಆಯಿತು. ಪೋಸ್ಟ್‌ಗ್ರೆಸ್ ಯೂಸರ್ ಆಗಿ ಸ್ಟಾರ್ಟ್ ಕೊಟ್ಟೆ. ಪರ್ಮಿಷನ್ ಡಿನೈಡ್.

ಪ್ರೋಗ್ರಾಂ ಫೈಲ್‌ನ ಪರ್ಮಿಷನ್ ನೋಡಿದರೆ 755. ಯಾರು ಬೇಕಾದರೂ ಓಡಿಸಬಹುದು. ಆದರೂ ಡಿನೈಡ್. ಫೈಲ್‌ಗೆ ಎಕ್ಸ್ (ಓಡಿಸೋ ಅನುಮತಿ) ಇಲ್ಲದಿದ್ದರೂ ಅದೇ ಮಾತು, ಮೇಲಿನ ಡೈರೆಕ್ಟರಿ ದಾಟೋಕೆ ಬಿಡದಿದ್ದರೂ ಅದೇ ಮಾತು, ಡಿಸ್ಕನ್ನು ನೋಎಕ್ಸೆಕ್ (ಇದರಲ್ಲಿರೋ ಪ್ರೋಗ್ರಾಂ ಓಡಿಸಬೇಡ) ಅಂತ ಮೌಂಟ್ ಮಾಡಿದ್ದರೂ ಅದೇ ಮಾತು. ಲಿನಕ್ಸ್‌ನಲ್ಲಿ ಎಲ್ಲಕ್ಕೂ ಎರರ್ ನಂಬರ್ 13. ಯಾವ ಬಾಗಿಲಲ್ಲಿ ತಡೆದರು ಅಂತ ಹೇಳೋಕೆ ಏನು ಕಷ್ಟ ಇವರಿಗೆ? ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಫೋಲ್ಡರನ್ನ ನೋಎಕ್ಸೆಕ್ ಮಾಡಿದ್ದಾಗಲೂ ಇದೇ ಕಥೆ. ಅಲ್ಲಿ ಕಂಪೈಲ್‌ಗೆ ಮುಂಚಿನ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ 'ಕ್ರಾಸ್ ಕಂಪೈಲ್ (ಬೇರೆ ಥರದ ಮೆಷಿನ್‌ಗೆ ಕಂಪೈಲ್) ಮಾಡ್ತಿದ್ದೀರಾ?' ಅಂತ ಕೇಳಿತ್ತು. ನಾನು ಪೆದ್ದನ ಹಾಗೆ ಕಂಪೈಲರನ್ನೇ ಅನುಮಾನಿಸಿ ಕೂತಿದ್ದೆ.

ಸರಿ, ಕಾಲ್ ವಿಷಯಕ್ಕೆ ಬರ್ತೀನಿ. ಸರ್ವರ್ ನೋಡಿಕೊಳ್ಳೋ ಮಹಾನುಭಾವರು ಮ್ಯೂಟ್ ತೆಗೆದರು. "ಎಷ್ಟೊತ್ತು ರೀ? ಇಡೀ ಫೋಲ್ಡರ್‌ಗೆ 777 ಕೊಡಿ, ಒಳಗಿರೋದಕ್ಕೆಲ್ಲ ಸೇರೋ ಹಾಗೆ ಮೈನಸ್ ಆರ್ ಹಾಕಿ, ಮುಗಿಸಿ." ನಾನು ಅಂದೆ, "ಸರ್, ಡೇಟಾ ಕೂಡ ಅದರೊಳಗೇ ಇದೆ." "ಕೊಡಿ ರೀ, ಆಮೇಲೆ ನೋಡೋಣ." ಕೊಟ್ಟೆ. ಸ್ಟಾರ್ಟ್ ಮಾಡಿದೆ. ಕೆಂಪು ಅಕ್ಷರದಲ್ಲಿ ಫೇಟಲ್: ಡೇಟಾ ಡೈರೆಕ್ಟರಿಯ ಪರ್ಮಿಷನ್ ಸರಿಯಿಲ್ಲ, 0700 ಅಥವಾ 0750 ಇರಬೇಕು. ಪೋಸ್ಟ್‌ಗ್ರೆಸ್ ಮಾಡಿದ್ದು ಸರಿಯೇ. ಊರಿಗೆಲ್ಲ ತೆರೆದಿಟ್ಟ ಡೇಟಾ ಮೇಲೆ ಅದು ಏಳಲ್ಲ. ರೂಟ್ ಆಗಿ ಓಡಿಸಿದರೂ ಏಳಲ್ಲ.

ಒಂದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅದೇ ಗಂಟಲು: "ಡೇಟಾಗೆ ಯಾರಾದರೂ 777 ಕೊಡ್ತಾರಾ? ಇಷ್ಟು ಬೇಸಿಕ್ಸ್ ಕೂಡ ಗೊತ್ತಿಲ್ವಾ ನಿಮಗೆ?"

ಬಾಯಿ ಬಿಡಬೇಕಿತ್ತು ಅಲ್ವಾ? ನನ್ನ ಬಾಯಿಂದ ಬಂದಿದ್ದು "ಸಾರಿ ಸರ್". ಸಾರಿ! ಯಾಕೆ ಅಂದೆನೋ ದೇವರಿಗೇ ಗೊತ್ತು. ಸಂಬಳ ತಗೊಂಡು ತಲೆ ಬಾಗಿಸೋ ಸರ್ಟಿಫಿಕೇಷನ್ ಏನಾದರೂ ಇದ್ದರೆ ನಾನು ಡಿಸ್ಟಿಂಕ್ಷನ್. ಮ್ಯಾನೇಜರ್ ಎಲ್ಲ ಕೇಳಿಸಿಕೊಂಡಿದ್ದರು, ಅವರೂ ತುಟಿ ಬಿಚ್ಚಲಿಲ್ಲ. ಟ್ರೈನಿ ಮಾತ್ರ ನನಗೊಬ್ಬನಿಗೇ ಚಾಟ್ ಹಾಕಿದಳು, "ಸರ್, ಅವರೇ ಅಲ್ವಾ ಹೇಳಿದ್ದು?" ಹೌದಮ್ಮ ತಾಯಿ, ಅವರೇ.

ಕಾಲ್ ಮುಗಿದ ಮೇಲೆ ನಾನೊಬ್ಬನೇ ಕೂತು ಡೇಟಾ ಒಳಗೆ ಡೈರೆಕ್ಟರಿಗಳಿಗೆ 700, ಫೈಲ್‌ಗಳಿಗೆ 600 (ಎರಡೂ ಒಡೆಯನಿಗೆ ಮಾತ್ರ) ಅಂತ ಫೈಂಡ್ ಕಮಾಂಡ್ ಹಾಕಿ ವಾಪಸ್ ತಂದೆ. ಹಾಗೆ ಮಾಡದೇ ಹೋಗಿದ್ದರೆ ಎಸ್‌ಎಸ್‌ಎಲ್ (ಕನೆಕ್ಷನ್ ಎನ್‌ಕ್ರಿಪ್ಟ್ ಮಾಡೋ) ಕೀ ಫೈಲ್ ಕೂಡ 777 ಅಂತ ಪೋಸ್ಟ್‌ಗ್ರೆಸ್ ಮತ್ತೆ ಮುನಿಸಿಕೊಳ್ತಿತ್ತು. ಇಲ್ಲಿನ ಮೊದಲಿನ ಪರ್ಮಿಷನ್ ಗುರುತನ್ನ 777 ಅಳಿಸಿತ್ತು. ಅದಕ್ಕೇ ಪಕ್ಕದ ಮೆಷಿನ್‌ನಲ್ಲಿ ಇದೇ ಇನ್‌ಸ್ಟಾಲ್ ಮಾಡಿ, ನೇಮ್‌ಐ ಮೈನಸ್ ಎಲ್ ಅನ್ನೋ ಕಮಾಂಡ್ ಕೊಟ್ಟು, ಫೈಲ್‌ವರೆಗಿನ ದಾರಿಯ ಪರ್ಮಿಷನ್ ಮೆಟ್ಟಿಲು ಮೆಟ್ಟಿಲಾಗಿ ನೋಡಿದೆ. ಹೊಸ ಬಿನ್ ಡೈರೆಕ್ಟರಿ 700, ರೂಟ್ ಹೆಸರಲ್ಲಿ. ಒಳಗಿನ ಫೈಲ್ 755 ಇದ್ದು ಏನು ಬಂತು, ಹೊಸಿಲೇ ದಾಟೋಕಾಗಲ್ಲ. ಯಾಕೆ 700? ಹೊಸ ಫೈಲ್, ಡೈರೆಕ್ಟರಿ ಹುಟ್ಟುವಾಗ ಯಾವ ಪರ್ಮಿಷನ್ ಕಿತ್ತುಹಾಕಬೇಕು ಅಂತ ಹೇಳೋ ಯುಮಾಸ್ಕ್ 077 ಆಗಿದೆ. ಮುಂಚೆ 022 ಇತ್ತು. ಇನ್‌ಸ್ಟಾಲ್ ಸ್ಕ್ರಿಪ್ಟ್ ಫೈಲ್‌ಗೆ ತಾನೇ 755 ಹಾಕುತ್ತೆ, ಡೈರೆಕ್ಟರಿ ಮಾತ್ರ ಯುಮಾಸ್ಕ್ ಹೇಳಿದ ಹಾಗೆ ಹುಟ್ಟುತ್ತೆ. ಎಲ್ಲರ ಲಾಗಿನ್‌ಗೂ ಅನ್ವಯಿಸೋ ಎಟ್ಸಿ ಪ್ರೊಫೈಲ್ ಫೈಲ್‌ನಲ್ಲಿ ಬದಲಾಗಿದ್ದು ಒಂದೇ ಸಾಲು. ಆ ಫೈಲ್‌ಗೆ ಕೈ ಹಾಕೋ ಅಧಿಕಾರ ಯಾರಿಗಿದೆ ಅಂತ ನಾನು ಹೇಳಬೇಕಾ?

ಸೆಕ್ಯೂರಿಟಿ ಬೇಡ ಅನ್ನಲ್ಲ ನಾನು. 077 ಇಡಿ, ನೋಎಕ್ಸೆಕ್ ಹಾಕಿ, ಒಳ್ಳೇದೇ. ನಾನಾಗಿದ್ದರೂ ಹಾಕ್ತಿದ್ದೆ. ಬೀಗ ಹಾಕಿ ಕೀ ಜೇಬಲ್ಲಿಟ್ಟುಕೊಂಡು, ಬಾಗಿಲು ತೆಗೆಯೋಕೂ ಬರಲ್ವಾ ಅಂತ ಕೇಳ್ತಾರಲ್ಲ, ಅದಕ್ಕೆ ಮೈ ಉರಿಯೋದು.

ಟಿಕೆಟ್ ಕ್ಲೋಸ್ ಮಾಡಿದ್ದಾರೆ. ಕಾರಣದ ಜಾಗದಲ್ಲಿ 'ಯೂಸರ್ ಎರರ್'. ಯಾವ ಯೂಸರ್? ಯುಮಾಸ್ಕ್ ಯಾವತ್ತು ಬದಲಾಯಿತು, ಯಾರು ಬದಲಾಯಿಸಿದರು, ಯಾಕೆ ಒಂದು ಸಾಲು ಮೇಲ್ ಹಾಕಲಿಲ್ಲ? ಯಾರಾದರೂ ಒಬ್ಬರು ಉತ್ತರ ಕೊಡಿ. ಮ್ಯಾನೇಜರ್ ಕೊಡಿ, ಆ ಸಾಹೇಬರೇ ಕೊಡಿ, ಸೆಕ್ಯೂರಿಟಿ ಟೀಮ್ ಅಂತ ಒಂದಿದ್ದರೆ ಅವರು ಕೊಡಿ.

ಕೊಡಲ್ಲ ಬಿಡಿ. ಸುಮ್ನೆ ಬಾಯಿ ನೋವು. ಸೋಮವಾರ ಪ್ರೊಡಕ್ಷನ್ ಸರ್ವರ್‌ನಲ್ಲಿ ಇದೇ ಅಪ್‌ಗ್ರೇಡ್ ಇದೆ. ಇನ್ವೈಟ್ ಬಂದಿದೆ, ಅವರ ಹೆಸರೂ ಇದೆ. ಕಾಲ್ ರೆಕಾರ್ಡ್ ಮಾಡಬೇಕು ಅಂತ ಇವತ್ತೇ ಮೇಲ್ ಹಾಕಿದ್ದೀನಿ.