ಕಣ್ಣಿಗೆ ಟೇಪ್ ಅಂಟಿಸಿ ‘ಹಳೆಯದಾಯ್ತು’ ಅಂದರೆ ಹೇಗೆ?

ಹೋದ ಭಾನುವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದೇನೆ. ಇವತ್ತು ಹೇಳಿಯೇ ಬಿಡುತ್ತೇನೆ.

ಅಕ್ಕನ ಮಗಳನ್ನು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಏಳು ವರ್ಷ ಅವಳಿಗೆ. ದಾರಿಯುದ್ದಕ್ಕೂ ಆಸೆ ಹುಟ್ಟಿಸಿದವನು ನಾನೇ. ಅಲ್ಲೊಂದು ಕತ್ತಲೆ ಗುಹೆ ಇದೆ, ಬೋಟ್‌ನಲ್ಲಿ ಕೂರಿಸಿ ಒಳಗೆ ಬಿಡುತ್ತಾರೆ, ಕೊನೆಯ ತಿರುವಿನಲ್ಲಿ ಒಬ್ಬ ರಾಕ್ಷಸ ಗೊರಕೆ ಹೊಡೆಯುತ್ತಾ ಮಲಗಿರುತ್ತಾನೆ, ಬೋಟ್ ಅವನ ಮೂಗಿನ ಹತ್ತಿರ ಬಂತೋ ಇಲ್ಲವೋ ಒಂದೇ ಒಂದು ಕಣ್ಣು ಬಿಟ್ಟು ನೋಡುತ್ತಾನೆ ಅಂತೆಲ್ಲ ಹೇಳಿದ್ದೆ. ಅವಳಷ್ಟು ದೊಡ್ಡವನಿದ್ದಾಗ ಆ ಕಣ್ಣು ಕಂಡು ಅಪ್ಪನ ಅಂಗಿಯೊಳಗೆ ತಲೆ ತೂರಿಸಿದವನು ನಾನು.

ಒಳಗೆ ಹೋದೆವು. ಗೊರಕೆ ಕೇಳಿಸಿತು. ಹೊಟ್ಟೆ ಮಾತ್ರ ಅಲುಗಲಿಲ್ಲ. ಮೊದಲೆಲ್ಲ ಗೊರಕೆಗೆ ತಕ್ಕ ಹಾಗೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಈಗ ಅದು ನೆನೆದ ಗೋಣಿಚೀಲದ ಹಾಗೆ ಬಿದ್ದುಕೊಂಡಿದೆ. ಗೊರಕೆ ಎಲ್ಲೋ ಪಕ್ಕದ ಬಂಡೆಯಿಂದ ಬರುತ್ತಿದೆ. ಮತ್ತೆ ಕಣ್ಣು? ಕಣ್ಣಿಗೆ ಕಪ್ಪು ಟೇಪ್! ಅಗಲವಾದ ಟೇಪನ್ನು ರೆಪ್ಪೆಯ ಮೇಲೆ ಅಡ್ಡಡ್ಡ ಎರಡು ಸಲ ಎಳೆದು ಅಂಟಿಸಿದ್ದಾರೆ. ಒಂದು ತುದಿ ತೇವಕ್ಕೆ ಬಿಟ್ಟುಕೊಂಡು ಫ್ಯಾನ್ ಗಾಳಿಗೆ ಪಟಪಟ ಅನ್ನುತ್ತಿತ್ತು.

“ಮಾಮ, ಇವನಿಗೆ ಕಣ್ಣಿನ ಆಪರೇಷನ್ ಆಗಿದೆಯಾ?”

ಬೇರೆ ದಿನವಾಗಿದ್ದರೆ ಜೋರಾಗಿ ನಕ್ಕುಬಿಡುತ್ತಿದ್ದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಹಳೆಯ ರೈಡ್, ಕೆಟ್ಟಿದೆ, ಸರಿಮಾಡುತ್ತಾರೆ ಅಂದುಕೊಂಡು ಮನೆಗೆ ಬರುತ್ತಿದ್ದೆ. ಆದರೆ ಹೊರಗೆ ಬರುವ ಬಾಗಿಲಲ್ಲೇ ಒಂದು ಟ್ಯಾಬ್ ನಿಲ್ಲಿಸಿದ್ದಾರೆ. ‘ಈ ಹಳೆಯ ರೈಡ್ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ. ಎರಡೇ ಗುಂಡಿ. ಒಂದು, ‘ಹೀಗೇ ಇರಲಿ’. ಇನ್ನೊಂದು, ‘ತೆಗೆದು ಹೊಸದು ಹಾಕಿ’.

ಅಲ್ಲ ಸ್ವಾಮಿ, ‘ರಿಪೇರಿ ಮಾಡಿ’ ಅನ್ನುವ ಗುಂಡಿ ಎಲ್ಲಿ?

‘ಹೀಗೇ ಇರಲಿ’ ಒತ್ತಿದರೆ ಟೇಪ್ ಅಂಟಿಸಿದ ರಾಕ್ಷಸನೇ ಸಾಕು ಅಂತ ನಾನು ಒಪ್ಪಿಕೊಂಡ ಹಾಗೆ. ‘ಹೊಸದು ಹಾಕಿ’ ಒತ್ತಿದರೆ ಕೆಡವೋದಕ್ಕೆ ನಾನೇ ಸಹಿ ಹಾಕಿಕೊಟ್ಟ ಹಾಗೆ. ನಾಳೆ ಬೋರ್ಡ್ ಹಾಕುತ್ತಾರೆ ನೋಡಿ, ‘ಜನರ ಬೇಡಿಕೆಯ ಮೇರೆಗೆ’ ಅಂತ. ಯಾವ ಜನ? ಕೆಟ್ಟ ರೈಡನ್ನು ತೋರಿಸಿ ಚೆನ್ನಾಗಿದೆಯಾ ಅಂತ ಕೇಳಿದರೆ ಯಾವ ಜನ ತಾನೇ ಹೌದು ಅನ್ನುತ್ತಾರೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನು ಇವರೇ ಅಗೆದಿಟ್ಟು ಆಮೇಲೆ ಡೊಂಕು ಅನ್ನುತ್ತಿದ್ದಾರೆ.

ಬೋಟ್ ಹತ್ತಿಸುವ ಕಡೆ ಒಬ್ಬರು ನಿಂತಿದ್ದರು, ಸ್ವಲ್ಪ ವಯಸ್ಸಾದವರು. ತಡೆಯಲಾರದೆ ವಾಪಸ್ ಹೋಗಿ ಕೇಳಿದೆ. “ಅಣ್ಣ, ಆ ಕಣ್ಣು ಏನಾಯ್ತು?”

“ಮೋಟರ್ ಚೆನ್ನಾಗೇ ಇದೆ ಸರ್. ರೆಪ್ಪೆ ಎಲ್ಲಿ ನಿಲ್ಲಬೇಕು ಅಂತ ಹೇಳೋ ಲಿಮಿಟ್ ಸ್ವಿಚ್ ಹೋಗಿದೆ. ಬಿಟ್ಟ ಕಣ್ಣು ಮುಚ್ತಾನೇ ಇರಲಿಲ್ಲ. ಅದಕ್ಕೇ ವೈರ್ ತೆಗೆದು ಟೇಪ್ ಹಾಕಿದ್ದು. ಬರೆದುಕೊಟ್ಟಿದ್ದೀವಿ. ಬಂದಿಲ್ಲ.”

“ಎಷ್ಟು ದಿನ ಆಯ್ತು?”

“ಎರಡು ಸೀಸನ್.”

ಲಿಮಿಟ್ ಸ್ವಿಚ್ ಅಂದರೆ ಎಷ್ಟು ದೊಡ್ಡದು ಗೊತ್ತಾ? ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ರೆಪ್ಪೆ ಬಂದು ಅದರ ಸಣ್ಣ ಕಡ್ಡಿಗೆ ತಾಗಬೇಕು, ಕರೆಂಟ್ ಕಟ್ ಆಗಬೇಕು, ಮೋಟರ್ ನಿಲ್ಲಬೇಕು. ಅಷ್ಟೇ ಅದರ ಕೆಲಸ. ಹೊಟ್ಟೆಯ ಕಥೆಯೂ ಹಾಗೇ. ಅದು ಏರಿಳಿಯುವುದು ಗಾಳಿಯ ಸಿಲಿಂಡರ್‌ನಿಂದ. ಕಂಪ್ರೆಸರ್ ಗಾಳಿ ಕೊಡುತ್ತದೆ, ವಾಲ್ವ್ ಬಿಟ್ಟು ಹಿಡಿದು ಮಾಡುತ್ತದೆ. ಒಳಗಿನ ರಬ್ಬರ್ ಸೀಲ್ ಸವೆದರೆ ಗಾಳಿ ಸೋರಿ ಹೋಗುತ್ತದೆ, ಹೊಟ್ಟೆ ಏಳುವುದಿಲ್ಲ. ನಾವು ಪಕ್ಕದಲ್ಲಿ ಹೋಗುವಾಗ ಅವನ ಪಕ್ಕೆಯಿಂದ ಸುಯ್ ಅಂತ ಸದ್ದು ಬರುತ್ತಿತ್ತು. ಕಿವಿ ಇರುವ ಯಾರಿಗಾದರೂ ಗೊತ್ತಾಗುತ್ತದೆ. ಒಂದು ಸ್ವಿಚ್, ಒಂದು ಸೀಲ್. ಇದಕ್ಕೆ ಇಡೀ ಗುಹೆ ಕೆಡವಬೇಕಾ?

‘ಬಹಳ ಹಳೆಯದು’ ಅನ್ನುವ ಮಾತಿಗೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ. ಮೆಲ್ಬರ್ನ್‌ನ ಲೂನಾ ಪಾರ್ಕ್‌ನಲ್ಲಿ 1912ರ ಮರದ ರೋಲರ್ ಕೋಸ್ಟರ್ ಇದೆ. ಬ್ರೇಕ್ ಹಾಕುವವನು ಗಾಡಿಯ ಮೇಲೆಯೇ ನಿಂತುಕೊಂಡು, ಕೈಯಲ್ಲಿ ಲಿವರ್ ಎಳೆದು ವೇಗ ಹಿಡಿಯುವ ಕಾಲದ್ದು. ಅದು ಯಾರಿಗೂ ಹಳೆಯದಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1902ರ ಲೀಪ್ ದ ಡಿಪ್ಸ್ ಅನ್ನುವ ಕೋಸ್ಟರ್ 1985ರಲ್ಲಿ ನಿಂತೇಹೋಗಿತ್ತು. ರಿಪೇರಿ ಮಾಡಿ 1999ರಲ್ಲಿ ಮತ್ತೆ ಓಡಿಸಿದರು. ಅದೇ ಅಮೆರಿಕದ ಕಿಂಗ್ಡಾ ಕಾ ನೋಡಿ. 2005ರಲ್ಲಿ ಶುರುವಾದದ್ದು, 139 ಮೀಟರ್ ಎತ್ತರ, ಜಗತ್ತಿನಲ್ಲೇ ಅಷ್ಟೆತ್ತರದ ಕೋಸ್ಟರ್ ಇರಲಿಲ್ಲ. 2024ರಲ್ಲಿ ನಿಲ್ಲಿಸಿದರು, ಮರುವರ್ಷ ಸಿಡಿಮದ್ದಿಟ್ಟು ಉರುಳಿಸಿದರು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅದರ ಕಥೆ ಮುಗಿಯಿತು, ಅತ್ತ ಮೆಲ್ಬರ್ನ್‌ನಲ್ಲಿ ನೂರು ದಾಟಿದ್ದು ಇನ್ನೂ ಜನರನ್ನು ಕಿರುಚಿಸುತ್ತಿದೆ. ವಯಸ್ಸಿನ ಲೆಕ್ಕ ಎಲ್ಲಿ ಬಂತು ಇದರಲ್ಲಿ?

ಮರದ ಕೋಸ್ಟರ್‌ಗಳಲ್ಲಿ ಒಂದು ಪದ್ಧತಿ ಇದೆ. ಹಲಗೆ ಕೊಳೆಯಿತಾ, ಆ ಹಲಗೆ ತೆಗೆದು ಹೊಸದು ಹೊಡೆಯುತ್ತಾರೆ. ಮುಂದಿನ ಸೀಸನ್‌ಗೆ ಇನ್ನೊಂದಷ್ಟು. ಎಷ್ಟೋ ವರ್ಷ ಕಳೆದ ಮೇಲೆ ನೋಡಿದರೆ ಮೊದಲಿನ ಮರ ಎಷ್ಟು ಉಳಿದಿದೆ ಅಂತ ಹುಡುಕಬೇಕು. ಆದರೂ ಅದು ಅದೇ ಕೋಸ್ಟರ್.

ಕಬ್ಬಿಣದ್ದಕ್ಕೆ ಅಷ್ಟು ಸುಲಭವಿಲ್ಲ, ಒಪ್ಪಿಕೊಳ್ಳುತ್ತೇನೆ. ದಿನಕ್ಕೆ ನೂರಾರು ಸಲ ಗಾಡಿ ಓಡಿ, ಹಳಿ ಬಳುಕಿ ಬಳುಕಿ, ವೆಲ್ಡಿಂಗ್ ಮಾಡಿದ ಕಡೆ ಕೂದಲೆಳೆಯಂಥ ಬಿರುಕು ಬರಬಹುದು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಹಾಗಾದಾಗ ಏನು ಮಾಡಬಹುದು ಅಂತ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನವರು ತೋರಿಸಿದ್ದಾರೆ. ಅವರ ನೆಮೆಸಿಸ್ ಕೋಸ್ಟರ್ 1994ರದ್ದು. ಕಾಲು ಕೆಳಗೆ ಜೋತುಬಿದ್ದಿರುತ್ತದೆ, ಬಂಡೆಯ ಕಂದಕದಲ್ಲಿ ಸುತ್ತು ಹಾಕಿಸುತ್ತದೆ. 2022ರ ನವೆಂಬರ್‌ನಲ್ಲಿ ಬಾಗಿಲು ಹಾಕಿ, ಹಳಿ ಬಿಚ್ಚಿ ಹೊಸ ಹಳಿ ಜೋಡಿಸಿದರು. ಅದೇ ತಿರುವು, ಅದೇ ಇಳಿಜಾರು. 2024ರ ಮಾರ್ಚ್‌ನಲ್ಲಿ ಮತ್ತೆ ತೆರೆದರು. ಅಮೆರಿಕದ ಡಿಸ್ನಿಲ್ಯಾಂಡ್‌ನ ಸ್ಪೇಸ್ ಮೌಂಟನ್ ಕೋಸ್ಟರ್‌ಗೂ ಹೀಗೇ ಆಗಿತ್ತು. 1977ರದ್ದನ್ನು 2003ರಲ್ಲಿ ನಿಲ್ಲಿಸಿ, ದಾರಿ ಬದಲಿಸದೆ ಹಳಿ ಮಾತ್ರ ಹೊಸದು ಹಾಕಿ 2005ರಲ್ಲಿ ಬಿಟ್ಟರು. ಟೆಕ್ಸಾಸ್ ಜೈಂಟ್ ಅನ್ನುವ ಮರದ ಕೋಸ್ಟರ್‌ನವರು ಇನ್ನೂ ಮುಂದೆ ಹೋಗಿ, ಮರದ ಅಟ್ಟಣೆ ಉಳಿಸಿಕೊಂಡು ಅದರ ಮೇಲೆ ಉಕ್ಕಿನ ಹಳಿ ಕೂರಿಸಿದರು. ‘ಹೀಗೇ ಇರಲಿ’, ‘ಕೆಡವಿ’ ಎರಡೂ ಅಲ್ಲದ ದಾರಿ ಎಷ್ಟೊಂದಿದೆ ನೋಡಿ. ಇವರ ಟ್ಯಾಬ್‌ಗೆ ಮಾತ್ರ ಗೊತ್ತಿಲ್ಲ.

ಹಳೆಯದೆಲ್ಲ ಉಳಿಯಲೇಬೇಕು ಅನ್ನುವ ಹಟ ನನಗಿಲ್ಲ. ಅದೇ ಪಾರ್ಕ್‌ನಲ್ಲಿ ಭುಜದ ಮೇಲೆ ಕಂಬಿ ಬಂದು ಕೂರುವ ಒಂದು ಕೋಸ್ಟರ್ ಇದೆ. ಪ್ರತಿ ತಿರುವಿಗೂ ಎಡಗಿವಿಗೊಂದು, ಬಲಗಿವಿಗೊಂದು ಏಟು. ಅದನ್ನು ನಾಳೆಯೇ ಕಿತ್ತುಹಾಕಿದರೆ ನಿಂತು ಚಪ್ಪಾಳೆ ಹೊಡೆಯುತ್ತೇನೆ. ತಯಾರು ಮಾಡಿದ ಕಂಪನಿಯೇ ಮುಚ್ಚಿಹೋಗಿ ಸ್ಪೇರ್ ಸಿಗದ ರೈಡ್‌ಗಳೂ ಇರುತ್ತವೆ, ಅದೂ ಗೊತ್ತು. ಡಿಸ್ನಿಲ್ಯಾಂಡ್‌ನ ಮ್ಯಾಟರ್‌ಹಾರ್ನ್ ಕೋಸ್ಟರ್‌ಗೆ 1959ರಲ್ಲೇ ಕೊಳವೆ ಹಳಿ ಹಾಕಿಕೊಟ್ಟ ಆ್ಯರೋ ಕಂಪನಿಯೇ ದಿವಾಳಿಯಾಯಿತಲ್ಲ. ಆಗ ಒಂದೊಂದು ಭಾಗವನ್ನೂ ಹೊಸದಾಗಿ ಮಾಡಿಸಬೇಕು. ತಲೆನೋವೇ. ಆದರೆ ನಮ್ಮ ರಾಕ್ಷಸನ ರೆಪ್ಪೆಗೆ ಬೇಕಾಗಿರುವುದು ಎಲ್ಲಾದರೂ ಸಿಗುವ ಸ್ವಿಚ್ ಕಣ್ರೀ!

ಇನ್ನೊಂದು ಗುಮಾನಿ, ಹೇಳದೆ ಇರಲಾರೆ. ಎಲ್ಲರಿಗೂ ಕಾಣುವ ಕಣ್ಣಿಗೇ ಟೇಪ್ ಹಾಕಿ ಎರಡು ಸೀಸನ್ ತಳ್ಳಿದವರು, ಯಾರಿಗೂ ಕಾಣದ ಬೋಲ್ಟ್‌ಗೆ ಏನು ಮಾಡಿರುತ್ತಾರೆ? ಬೋಟ್ ಜಾರುವ ಕಡೆ ಆ ಮಗುವಿನ ಕೈಯನ್ನು ನಾನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ರಾಕ್ಷಸನ ಭಯಕ್ಕಲ್ಲ.

ಆಮೇಲೆ ಆ ಪೋಸ್ಟರ್. ಕ್ಯೂನಲ್ಲಿ ನಿಂತವರ ಕಣ್ಣಿಗೆ ಬೀಳುವ ಹಾಗೆ ‘ಶೀಘ್ರದಲ್ಲೇ ಹೊಸ ಡಿಜಿಟಲ್ ಅನುಭವ’ ಅಂತ ಹಾಕಿದ್ದಾರೆ. ಕಣ್ಣಿಗೆ ವಿಆರ್ ಕನ್ನಡಕ ತೊಡಿಸುತ್ತಾರಂತೆ, ಒಳಗೇ ಸ್ಕ್ರೀನ್ ಇರುವಂಥದ್ದು. ಈಗಿನ ಮಕ್ಕಳಿಗೆ ಸ್ಕ್ರೀನೇ ಬೇಕು ಅಂತ ಯಾರು ಹೇಳಿದರು ಇವರಿಗೆ? ಸ್ಕ್ರೀನ್ ಮನೆಯಲ್ಲೇ ಇದೆಯಲ್ಲ, ಅದನ್ನು ನೋಡೋಕೆ ಇಷ್ಟು ದೂರ ಬರಬೇಕಾ? ಆಲ್ಟನ್ ಟವರ್ಸ್‌ನವರೇ 2016ರಲ್ಲಿ ಒಂದು ಹಳೆಯ ಕೋಸ್ಟರ್‌ಗೆ ವಿಆರ್ ಕನ್ನಡಕ ತೊಡಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಕನ್ನಡಕ ಹೋಯಿತು, ಕೋಸ್ಟರ್ ಉಳಿಯಿತು. ಕನ್ನಡಕ ಅಂದರೆ ಸುಮ್ನೆ ಅಲ್ಲ. ಪ್ರತಿಯೊಬ್ಬರ ತಲೆಗೂ ಬಿಗಿಯಬೇಕು, ಬಿಚ್ಚಬೇಕು, ಒರೆಸಬೇಕು. ಅಷ್ಟೂ ಹೊತ್ತು ಹಿಂದಿನವರು ಕ್ಯೂನಲ್ಲಿ ಬೇಯಬೇಕು.

ನಮ್ಮ ಹುಡುಗಿ ಬೋಟ್‌ನಲ್ಲಿ ಏನು ಮಾಡುತ್ತಿದ್ದಳು ಅಂದರೆ, ನೀರಲ್ಲಿ ಅಲುಗಾಡುವ ಹಸಿರು ದೀಪದ ನೆರಳನ್ನೇ ನೋಡುತ್ತಿದ್ದಳು. ಬಂಡೆ ಫೈಬರ್‌ನದು ಅಂತ ಬಡಿದು ನೋಡಿ ಕಂಡುಕೊಂಡಳು. “ಒಳಗೆ ಪೊಳ್ಳು ಮಾಮ!” ಅಂತ ಪಿಸುಗುಟ್ಟಿದಳು, ಮಹಾ ಗುಟ್ಟು ಸಿಕ್ಕವಳ ಹಾಗೆ. ಕಣ್ಣು ಬಿಡದಿದ್ದರೂ ರಾಕ್ಷಸನ ಮೂಗಿನ ಹತ್ತಿರ ಬಂದಾಗ ನನ್ನ ಪಕ್ಕಕ್ಕೆ ಸರಿದಳು. ಅರ್ಧ ಸತ್ತ ರೈಡ್ ಇಷ್ಟು ಮಾಡುತ್ತಿದೆ.

ಟ್ಯಾಬ್‌ನಲ್ಲಿ ನಾನು ಎರಡೂ ಗುಂಡಿ ಒತ್ತಲಿಲ್ಲ. ಅದು ಮುಂದಿನ ಪುಟಕ್ಕೆ ಬಿಡಲಿಲ್ಲ. ಹಿಂದೆ ನಿಂತವರು ‘ಬೇಗ ಬೇಗ’ ಅಂದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಹೇಗೂ ಜನ ಕಡಿಮೆ. ಆಗ ನೀರು ಖಾಲಿ ಮಾಡಿ, ಬೋಟ್ ಮೇಲೆತ್ತಿ, ಬೇರಿಂಗ್ ನೋಡಿ, ಸೀಲ್ ಹಾಕಿ, ಹಳೆಯ ಟ್ಯೂಬ್‌ಲೈಟ್ ಕಿತ್ತು ಎಲ್ಇಡಿ ಹಾಕಿ. ಕಥೆ ಹಳೆಯದಾಯ್ತು ಅನ್ನಿಸಿದರೆ ಕಥೆಯನ್ನೂ ಬದಲಾಯಿಸಿ, ಬೇಡ ಅಂದವರಾರು? ಇಷ್ಟೆಲ್ಲ ಮಾಡಿದ ಮೇಲೂ ಜನ ಹತ್ತದಿದ್ದರೆ ಆಗ ಕೆಡವುವ ಮಾತಾಡಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಅಲ್ಲಿಯವರೆಗೆ ಆ ಟೇಪ್ ಆದರೂ ಕಿತ್ತುಬಿಡಿ. ಮುಚ್ಚದ ಕಣ್ಣಾದರೂ ಪರವಾಗಿಲ್ಲ, ಬಿಟ್ಟುಕೊಂಡೇ ಮಲಗಲಿ ಅವನು.